ಎಣ್ಣೆ ತಲೆಗೆ ಹತ್ತದ ಕರೆಂಟು

ಶಿಸ್ತಿನ ಮನುಷ್ಯನಿಗೆ ಸುಖವಿಲ್ಲ. ಅವನ ಜೊತೆ ಬಾಳುವವರು ಅದರ ಆಸೆಯನ್ನೂ ಇಟ್ಟುಕೊಳ್ಳಬಾರದು. ಈ ಮಾತನ್ನು ನಾನು ನಿವೃತ್ತನಾದ ಮೇಲೆ ಕಂಡುಕೊಂಡೆ ಎಂದರೆ ನನ್ನ ಹೆಂಡತಿ ಗೌರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾಳೆ. ಅವಳು ಮದುವೆಯಾಗಿ ಬಂದ ವಾರದಲ್ಲೇ ಕಂಡುಕೊಂಡಿದ್ದಳಂತೆ. ಬೆಳಕು ಹರಿಯುವ ಮೊದಲು ಏಳಬೇಕು, ಎದ್ದವರು ತಮ್ಮ ಹಾಸಿಗೆಯನ್ನು ತಾವೇ ಸುತ್ತಬೇಕು, ಕಳಚಿದ ಚಪ್ಪಲಿಯ ಮೂತಿ ಬೀದಿಯ ಕಡೆಗೇ ಇರಬೇಕು, ಗಡಿಯಾರಕ್ಕೆ ಊಟವಾದ ಮೇಲೆಯೇ ಕೀ ಕೊಡಬೇಕು. ನಮ್ಮ ಮನೆಯ ಬೆಕ್ಕು ಸಹ ಹಾಲು ಕದಿಯುವುದಕ್ಕೆ ಒಂದು ಹೊತ್ತು ಗೊತ್ತುಮಾಡಿಕೊಂಡಿತ್ತು. ನನ್ನ ಈ ಶಿಸ್ತಿಗೆ ಬಗ್ಗದ ವಸ್ತು ಲೋಕದಲ್ಲಿ ಒಂದೇ ಒಂದು ಸಿಕ್ಕಿತು. ಅದು ವಿದ್ಯುತ್ತು. ನೀಟಾಗಿ ಬಾಚಿದ ತಲೆಯನ್ನು ಕಂಡರೆ ಅದಕ್ಕೆ ಆಗುವುದಿಲ್ಲ. ಕೆದರಿದ ತಲೆಗೆ ಮಾತ್ರ ಒಲಿಯುತ್ತದೆ. ಇದನ್ನು ಪುಸ್ತಕದಲ್ಲಿ ಓದಿ ತಿಳಿದಿದ್ದೆ. ಆದರೆ ನನ್ನ ತಲೆಗೆ ಅದು ಹತ್ತುವುದಕ್ಕೆ ಆಗಬೇಕಾದದ್ದು ಬೇರೆಯೇ ಇತ್ತು.

ನಾನು ಹೊಸದುರ್ಗ ತಾಲ್ಲೂಕಿನಲ್ಲಿ, ಮತ್ತೋಡಿಗೆ ಸೈಕಲ್ಲಿನಲ್ಲಿ ಹೋಗಿಬರುವಷ್ಟು ದೂರದ ನಮ್ಮೂರಿನ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಪ್ರಾರ್ಥನೆ ಮುಗಿದ ಕೂಡಲೇ ನನ್ನ ತಪಾಸಣೆ ಶುರುವಾಗುತ್ತಿತ್ತು: ಉಗುರು, ಹಲ್ಲು, ತಲೆ. ಉಗುರು ಬೆಳೆದಿದ್ದರೆ ಬ್ಲೇಡು, ಹಲ್ಲು ಹಳದಿಯಾಗಿದ್ದರೆ ಬೇವಿನ ಕಡ್ಡಿ. ತಲೆಗೆ ಎಣ್ಣೆಯಿಲ್ಲದಿದ್ದರೆ ಬೀರುವಿನಲ್ಲಿ ಒಂದು ಸೀಸೆ ಹರಳೆಣ್ಣೆ ಸದಾ ಸಿದ್ಧವಾಗಿರುತ್ತಿತ್ತು. ಆ ಎಣ್ಣೆ ಸರ್ಕಾರದ್ದಲ್ಲ, ನಮ್ಮ ಅವ್ವನದು. ಅವಳು ಹರಳು ಹುರಿದು, ಕುಟ್ಟಿ, ದೊಡ್ಡ ಪಾತ್ರೆಯಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ತಾನೇ ಬಸಿದು ಇಡುತ್ತಿದ್ದಳು. ಆ ದಿನ ಇಡೀ ಕೇರಿಗೆ ವಾಸನೆ. ಸೀಸೆ ಬರಿದಾದಾಗ ಹುಡುಗರು ನಮ್ಮ ಮನೆಗೆ ಹೋಗಿ ತುಂಬಿಸಿಕೊಂಡು ಬರುತ್ತಿದ್ದರು. ಹೀಗಾಗಿ ಏಳನೇ ತರಗತಿಯ ಬಾಗಿಲಲ್ಲಿ ನಿಂತು ಒಳಗೆ ನೋಡಿದರೆ ಬಿಸಿಲಿಗೆ ತಲೆಗಳೆಲ್ಲ ಕೆರೆಯ ನೀರಿನ ಹಾಗೆ ಮಿರುಗುತ್ತಿದ್ದವು. ನನಗೆ ಅದೊಂದು ಹೆಮ್ಮೆ. ನನ್ನ ತಲೆಯೂ ಅದೇ ಎಣ್ಣೆಯದು. ಐವತ್ತರ ಹತ್ತಿರ ಬಂದಿದ್ದ ನಾನು ದಿನವೂ ಸ್ನಾನವಾದ ಮೇಲೆ ಮಣೆಯ ಮೇಲೆ ಕೂರಬೇಕು, ಅವ್ವ ಅಂಗೈ ತುಂಬ ಎಣ್ಣೆ ಸುರಿದುಕೊಂಡು ನೆತ್ತಿಗೆ ತಟ್ಟಬೇಕು. ಹಣೆಗೆ, ಕಿವಿಯ ಹಿಂದಕ್ಕೆ, ಅಂಗಿಯ ಕಾಲರಿಗೆ ಎಲ್ಲಕ್ಕೂ ಇಳಿಯುತ್ತಿತ್ತು. ದಿಂಬಿನ ಚೀಲ ಒಗೆಯುವ ಗೌರಮ್ಮನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಏಳನೇ ತರಗತಿಯ ಪುಸ್ತಕದ ಕೊನೆಯ ಪಾಠ ಶಕ್ತಿ ಮತ್ತು ವಿದ್ಯುತ್ತು. ಪಬ್ಲಿಕ್ ಪರೀಕ್ಷೆ ಹತ್ತಿರ ಬಂದಾಗ, ಶಿವರಾತ್ರಿಯ ಒಣ ಗಾಳಿ ಬೀಸುವ ಕಾಲಕ್ಕೆ ಸರಿಯಾಗಿ ಅದು ಬರುತ್ತಿತ್ತು. ಆಗ ನಮ್ಮೂರಿಗೆ ವಿದ್ಯುತ್ತು ಬಂದಿರಲಿಲ್ಲ. ಕಂಬಗಳು ಬಂದು ನಿಂತಿದ್ದವು, ತಂತಿ ಬಂದಿರಲಿಲ್ಲ. ಎಮ್ಮೆಗಳು ಆ ಕಂಬಗಳಿಗೆ ಮೈ ಉಜ್ಜಿಕೊಳ್ಳುತ್ತಿದ್ದವು. ವಿದ್ಯುತ್ತಿನಿಂದ ನಮ್ಮೂರಿಗೆ ಆದ ಮೊದಲ ಉಪಕಾರ ಅದು. ಪಾಠದ ಪೂರ್ವಾರ್ಧಕ್ಕೆ ಇದರಿಂದ ಯಾವ ತೊಂದರೆಯೂ ಇರಲಿಲ್ಲ. ಕೆಲಸ ಮಾಡುವ ಸಾಮರ್ಥ್ಯವೇ ಶಕ್ತಿ. ಶಕ್ತಿ ಕಣ್ಣಿಗೆ ಕಾಣುವುದಿಲ್ಲ, ಅದು ಮಾಡುವ ಕೆಲಸ ಮಾತ್ರ ಕಾಣುತ್ತದೆ. ಶಕ್ತಿಗೆ ನಾಶವಿಲ್ಲ, ರೂಪ ಮಾತ್ರ ಬದಲಾಗುತ್ತದೆ. ಎತ್ತು, ಗಾಣ, ಗಾಳಿ, ಬಿಸಿಲು ಎಂದು ಉದಾಹರಣೆ ಕೊಡುತ್ತ ಹೋಗುತ್ತಿದ್ದೆ. ಒಮ್ಮೆ ಕೆಂಚಪ್ಪ ಎಂಬ ಹುಡುಗ ಎದ್ದು ನಿಂತ.

"ಸಾ, ಶಕ್ತಿ ಸಾಯಲ್ಲ ಅಂದ್ರಿ. ನಮ್ಮ ಟಗರು ಸತ್ರೆ ಅದರ ಶಕ್ತಿ ಎಲ್ಲಿಗೆ ಹೋಗ್ತೈತೆ?"

"ನಿಮ್ಮಪ್ಪನ ಹೊಟ್ಟೆಗೆ ಕಣಲೇ!" ಎಂದು ಹಿಂದಿನ ಸಾಲಿನಿಂದ ತಿಪ್ಪೇಶ ಕೂಗಿದ. ವಿಜ್ಞಾನದ ದೃಷ್ಟಿಯಿಂದ ಉತ್ತರ ಪೂರ್ತಿ ಸರಿಯಾಗಿತ್ತು. ಭೇಷ್ ಎಂದೆ, ಕೈಯೆತ್ತದೆ ಕೂಗಿದ್ದಕ್ಕಾಗಿ ಮೂಲೆಯಲ್ಲಿ ನಿಲ್ಲಿಸಿದೆ.

ತೊಂದರೆ ಇದ್ದದ್ದು ಉತ್ತರಾರ್ಧದಲ್ಲಿ. ಪ್ಲಾಸ್ಟಿಕ್ ಬಾಚಣಿಗೆಯಿಂದ ಒಣ ಕೂದಲನ್ನು ಬಾಚಿ ಕಾಗದದ ಚೂರುಗಳ ಹತ್ತಿರ ಹಿಡಿದರೆ ಅವು ಎದ್ದು ಬಂದು ಅಂಟಿಕೊಳ್ಳುತ್ತವೆ ಎಂದು ಪುಸ್ತಕದಲ್ಲಿ ಬರೆದಿತ್ತು, ಚಿತ್ರವನ್ನೂ ಹಾಕಿದ್ದರು. ಕೂದಲಿಗೆ ಎಣ್ಣೆ ಇರಬಾರದು ಎಂದು ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಸೇರಿಸಿದ್ದರು. ಪ್ರತಿ ವರ್ಷ ನಾನು ಬಾಚುತ್ತಿದ್ದೆ, ಹಿಡಿಯುತ್ತಿದ್ದೆ. ಚೂರುಗಳು ಮಲಗಿದಲ್ಲೇ ಮಲಗಿರುತ್ತಿದ್ದವು. ಒಂದೆರಡು ಅಂಟಿಕೊಂಡರೂ ಅದು ಎಣ್ಣೆಯ ಜಿಗುಟಿಗೇ ಎಂದು ಮಕ್ಕಳಿಗೂ ಗೊತ್ತಿತ್ತು. ಗಾಜನ್ನು ರೇಷ್ಮೆಯಲ್ಲಿ ಉಜ್ಜಿದರೂ ಆದೀತು ಎಂದು ಓದಿ ಲಾಟೀನಿನ ಗಾಜನ್ನು ಬಿಚ್ಚಿದೆ. ಮನೆಯಲ್ಲಿದ್ದ ಒಂದೇ ರೇಷ್ಮೆ ಗೌರಮ್ಮನ ಮದುವೆ ಸೀರೆ. ಅದನ್ನು ಕೇಳುವಷ್ಟರಲ್ಲಿ ಗಾಜು ಕೈಜಾರಿ ಒಡೆಯಿತು. ಸೀರೆಯ ಪೆಟ್ಟಿಗೆಗೆ ಅಂದೇ ಬೀಗ ಬಿತ್ತು. ತಿಪ್ಪೇಶನ ಕಂಬಳಿಯಲ್ಲಿ ಬಾಚಣಿಗೆ ಉಜ್ಜಿ ನೋಡಿದೆ. ಬಾಚಣಿಗೆಗೆ ಕುರಿಯ ಜಿಡ್ಡು ಹತ್ತಿತೇ ಹೊರತು ಬೇರೇನೂ ಹತ್ತಲಿಲ್ಲ. ಕೊನೆಗೆ, ಪುಸ್ತಕದಲ್ಲಿ ಇರುವಂತೆ ಪರೀಕ್ಷೆಯಲ್ಲಿ ಬರೆಯಿರಿ, ಸಾಕು ಎಂದು ಹೇಳಿ ಪಾಠ ಮುಗಿಸುತ್ತಿದ್ದೆ. ಮಕ್ಕಳು ವಿಧೇಯರಾಗಿ ಬರೆಯುತ್ತಿದ್ದರು. ನಂಬುತ್ತಿರಲಿಲ್ಲ.

ನಂಬದವರಲ್ಲಿ ಮೊದಲನೆಯವಳು ಅವ್ವ. ಎಣ್ಣೆಗೆ ಬಂದ ಹುಡುಗರಿಂದ ಪಾಠದ ವಿಷಯವೆಲ್ಲ ಅವಳಿಗೆ ತಲುಪುತ್ತಿತ್ತು. ಒಂದು ದಿನ ನನ್ನ ನೆತ್ತಿ ತಟ್ಟುತ್ತ ಕೇಳಿದಳು: "ಸಿದ್ದಾ, ಹುಡುಗ್ರಿಗೆ ಕರೆಂಟಿನ ಪಾಠ ಹೇಳ್ತೀಯಂತೆ. ನೀನು ಅದನ್ನ ನೋಡಿದೀಯೇನಪ್ಪ?"

"ಅದು ಕಣ್ಣಿಗೆ ಕಾಣಲ್ಲ ಕಣವ್ವ."

"ಕಾಣದೇ ಇರೋದನ್ನ ಹೇಳಿ ಸಂಬಳ ತಗಂತೀಯ! ನಮ್ಮ ಪೂಜಾರಪ್ಪಗೆ ಈ ಸುದ್ದಿ ಹೇಳಬ್ಯಾಡ, ಅವನೂ ಸರ್ಕಾರಕ್ಕೆ ಅರ್ಜಿ ಹಾಕ್ಯಾನು."

ಆ ವರ್ಷವೇ ಅವಳ ಕಣ್ಣು ತೋರಿಸಲು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿದ್ದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಕೊಯ್ದು ತೆಗೆಯಬೇಕು ಎಂದರು. ಕಣ್ಣಿಗೆ ಕತ್ತರಿ ಎಂಬ ಮಾತು ಕೇಳಿದ ಕೂಡಲೇ ಅವ್ವ ಎದ್ದು ಬಸ್ ನಿಲ್ದಾಣದ ದಾರಿ ಹಿಡಿದಳು. ಸಂಜೆಯಾಗಿತ್ತು. ಸಾಲು ಸಾಲು ದೀಪ ಹೊತ್ತಿಕೊಂಡವು. ನಾನು ಉತ್ಸಾಹದಿಂದ, "ನೋಡವ್ವ, ಅದೇ ಕರೆಂಟು" ಎಂದೆ. ಅವಳು ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು.

"ದೀಪ ಕಂಡೆ ಬಿಡು. ಎಣ್ಣೆ ಇಲ್ದೆ ಉರೀತೈತೆ, ಒಳ್ಳೇದೇ. ಕರೆಂಟ್ ಎಲ್ಲೈತೆ, ಅದನ್ನ ತೋರ್ಸು."

ಬಸ್ಸಿನಲ್ಲಿ ಊರಿನ ತನಕ ವಿವರಿಸಿದೆ. ಬಾಚಣಿಗೆಯ ಸಂಗತಿಗೆ ಬಂದಾಗ ಅವಳು ತಿರುಗಿ ಕುಳಿತಳು. "ಕಾಗದ ತಾನಾಗೇ ಎದ್ದು ಬರ್ತೈತಾ? ಹಂಗಾರೆ ಒಪ್ತೀನಿ. ಈ ಕಣ್ಣಾಗಿರೋ ಬೆಳಕು ಪೂರ್ತಿ ಹೋಗೋದ್ರೊಳಗೆ ಅದೊಂದ್ಸಲ ತೋರ್ಸಪ್ಪ, ಸಾಕು" ಎಂದಳು. ಬಾಚಣಿಗೆಯಲ್ಲಿ ಇರುವುದು ಹರಿಯುವ ವಿದ್ಯುತ್ತಲ್ಲ, ಒಂದೇ ಕಡೆ ನಿಲ್ಲುವ ವಿದ್ಯುತ್ತು ಎಂಬ ಸೂಕ್ಷ್ಮವನ್ನು ನಾನು ಎತ್ತಲಿಲ್ಲ. ತೋರಿಸುತ್ತೇನೆ ಎಂದು ಮಾತು ಕೊಟ್ಟೆ. ಅವ್ವ ಏನನ್ನಾದರೂ ಕೇಳಿದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು.

ಮಾತು ಕೊಟ್ಟ ಮೇಲೆ ಸಣ್ಣ ಅಕ್ಷರದ ಸಾಲನ್ನು ಪಾಲಿಸದೆ ವಿಧಿಯಿರಲಿಲ್ಲ. ಮರುದಿನ ಬೆಳಿಗ್ಗೆ ಮಣೆಯ ಮೇಲೆ ಕುಳಿತು, "ಅವ್ವಾ, ಇವತ್ತೊಂದಿನ ಎಣ್ಣೆ ಬ್ಯಾಡ. ಒಣ ತಲೆ ಬೇಕು" ಎಂದೆ.

ಎಣ್ಣೆ ಸುರಿದುಕೊಂಡಿದ್ದ ಕೈ ಗಾಳಿಯಲ್ಲೇ ನಿಂತಿತು. "ಯಾರೋ ಹೋದೋರು?" ಎಂದಳು.

ನಮ್ಮ ಕಡೆಯ ಸಂಪ್ರದಾಯ ಗೊತ್ತಿಲ್ಲದವರಿಗೆ ಹೇಳಬೇಕು. ಮನೆಯಲ್ಲಿ ಸಾವಾದರೆ ತಿಥಿ ಮುಗಿಯುವ ತನಕ ಯಾರೂ ತಲೆಗೆ ಎಣ್ಣೆ ಮುಟ್ಟಿಸುವುದಿಲ್ಲ. ಉಳಿದ ದಿನಗಳಲ್ಲಿ ಎಣ್ಣೆಯಿಲ್ಲದೆ ಬೀದಿಗೆ ಇಳಿಯುವುದಿಲ್ಲ. ಒಣ ತಲೆಯವನು ಎದುರು ಬಂದರೆ ಜನ ಯಾರು, ಯಾವಾಗ ಎಂದೇ ಕೇಳುತ್ತಾರೆ. ಪಾಠ ಬರೆದ ಪುಣ್ಯಾತ್ಮರಿಗೆ ಇದು ತಿಳಿದಿರಲಿಲ್ಲ. ಅವರು ಕೇಳಿದ್ದು ಒಣ ಕೂದಲು. ನಮ್ಮೂರಲ್ಲಿ ಅದು ಸಿಗುವುದು ಸೂತಕದ ಮನೆಯಲ್ಲಿ ಮಾತ್ರ.

"ಯಾರೂ ಹೋಗಿಲ್ಲ ಕಣವ್ವ, ನಿನಗೆ ಕರೆಂಟ್ ತೋರ್ಸೋಕೆ" ಎಂದೆ.

"ನಾನಿನ್ನೂ ಉಸಿರಾಡ್ತಾ ಇದೀನಿ ಕಣೋ! ತಾಯಿ ಗುಂಡುಕಲ್ಲಿನಂಗೆ ಕುಂತಿರೋವಾಗ ಮಗ ಒಣ ತಲೇಲಿ ತಿರುಗಿದ್ರೆ ಊರು ಏನಂತೈತೆ? ನಾನು ಹೋದ ಮ್ಯಾಲೆ ಬೇಕಾದಂಗೆ ಒಣಗಿಸ್ಕ." ಇಷ್ಟು ಹೇಳಿ ಆ ಅಂಗೈ ಎಣ್ಣೆಯನ್ನೂ, ಕೋಪಕ್ಕೆ ಇನ್ನೊಂದು ಅಂಗೈಯನ್ನೂ ನೆತ್ತಿಗೆ ಹೊಡೆದಳು. ಅಡುಗೆಮನೆಯಿಂದ ಗೌರಮ್ಮ, "ಸುಮ್ನೆ ಕುಂತ್ಕಳ್ರಿ, ಬೆಳಬೆಳಿಗ್ಗೆ ಒಣ ತಲೆ ಮಾತು ಆಡ್ತಾರಾ?" ಎಂದಳು. ದಿಂಬಿನ ಚೀಲ ಒಗೆಯುವವಳೂ ಎಣ್ಣೆಯ ಪಕ್ಷ ಸೇರಿದಳು.

ನನ್ನ ತಲೆ ಇಲ್ಲದಿದ್ದರೆ ಶಾಲೆಯಲ್ಲಿ ಬೇಕಾದಷ್ಟು ತಲೆಗಳಿವೆ ಎಂದುಕೊಂಡು, ನಾಳೆ ಎಣ್ಣೆ ಹಚ್ಚದೆ ಬಾ ಎಂದು ತಿಪ್ಪೇಶನಿಗೆ ಹೇಳಿದೆ. ಇಷ್ಟು ವರ್ಷ ಎಣ್ಣೆ ಎಣ್ಣೆ ಎಂದು ಪ್ರಾಣ ತಿಂದ ಮೇಷ್ಟ್ರಿಗೆ ಏನಾಯಿತೋ ಎಂಬಂತೆ ಅವನು ನನ್ನನ್ನೇ ನೋಡಿದ. ಮರುದಿನ ಪ್ರಾರ್ಥನೆಗೂ ಮೊದಲೇ ಅವನ ತಾಯಿ ಹನುಮಕ್ಕ ಮಗನ ರಟ್ಟೆ ಹಿಡಿದುಕೊಂಡು ಶಾಲೆಗೆ ಬಂದಳು.

"ಏನ್ ಮೇಷ್ಟ್ರೇ, ನಮ್ಮ ಮನೇಲಿ ಯಾರು ಹೋಗ್ಲಿ ಅಂತ ಮಾಡೀರಿ? ಇವರಪ್ಪ ಕುರಿ ಹೊಡ್ಕಂಡು ಹಿರಿಯೂರು ಕಡೆ ಹೋಗವ್ನೆ. ಮಗ ಇಲ್ಲಿ ಒಣ ತಲೇಲಿ ತಿರುಗಿ, ಅಲ್ಲಿ ಅವನಿಗೆ ಏನಾರ ಆದ್ರೆ ನೀವು ಬಂದು ಕುರಿ ಕಾಯ್ತೀರಾ?"

"ಇಲ್ಲಮ್ಮ" ಎಂದೆ.

"ಹಂಗಾರೆ ಹಚ್ರಿ ಎಣ್ಣೆ!"

ಅವಳೆದುರೇ ಬೀರು ತೆಗೆದು ಅವ್ವನ ಸೀಸೆಯಿಂದ ತಿಪ್ಪೇಶನ ತಲೆಗೆ ಎಣ್ಣೆ ಹಚ್ಚಿದೆ. ಅವನು ಕಣ್ಣು ಮುಚ್ಚಿಕೊಂಡು ಸುಖವಾಗಿ ಹಚ್ಚಿಸಿಕೊಂಡ.

ಆಮೇಲೆ ಕಳ್ಳದಾರಿ ಹಿಡಿದೆ. ಒಂದು ಭಾನುವಾರ ಅವ್ವನಿಗೆ ತಿಳಿಯದಂತೆ ಹೊಲದ ಬಾವಿಗೆ ಹೋಗಿ, ಸೀಗೆಪುಡಿಯಿಂದ ತಲೆ ತಿಕ್ಕಿ ತೊಳೆದು, ಬೇಲಿಯ ಮರೆಯಲ್ಲಿ ಬಿಸಿಲಿಗೆ ತಲೆಯೊಡ್ಡಿ ಕುಳಿತೆ. ಕೂದಲು ಒಣಗಿದ ಮೇಲೆ ಓಡಿಹೋಗಿ ಅವಳ ಮುಂದೆ ಬಾಚಿಬಿಡುವುದು, ಬಯ್ಗುಳ ಆಮೇಲೆ ತಿನ್ನುವುದು ಎಂಬುದು ನನ್ನ ಯೋಜನೆ. ಅರ್ಧ ಒಣಗಿರಬೇಕು, ಅಷ್ಟರಲ್ಲಿ ಕೋಲಿನ ಸದ್ದು ಕೇಳಿಸಿತು. ಕಣ್ಣು ಸರಿಯಾಗಿ ಕಾಣದ ಮುದುಕಿ ಬದುವಿನ ಮೇಲೆ ತಡವರಿಸಿಕೊಂಡು, ಒಂದು ಕೈಯಲ್ಲಿ ಎಣ್ಣೆಯ ಬಟ್ಟಲು ಹಿಡಿದು ಬರುತ್ತಿದ್ದಳು. ಸೀಗೆಪುಡಿಯ ಡಬ್ಬಿ ಜಾಗದಲ್ಲಿ ಇಲ್ಲದ್ದನ್ನು ಕೈಯಾಡಿಸಿ ಕಂಡುಹಿಡಿದಿದ್ದಳಂತೆ. ಪ್ರತಿಯೊಂದು ವಸ್ತುವೂ ಅದರದರ ಜಾಗದಲ್ಲೇ ಇರಬೇಕು ಎಂದು ಮನೆಗೆ ಕಲಿಸಿದವನು ನಾನೇ. ನಾನು ತಲೆ ಬಗ್ಗಿಸಿದೆ. ಹಚ್ಚುತ್ತ ಹಚ್ಚುತ್ತ ಅವಳು, "ಬ್ಯಾಡ ಬಿಡು ಸಿದ್ದಾ, ತಂತಿ ಬಂದಾಗ ನೋಡಿದ್ರಾಯ್ತು. ನಿನ್ನ ತಲೆ ಒಣಗಿಸಿ ನಾನು ನೋಡೋ ಅಂಥದ್ದು ಏನೈತೆ ಅದರಾಗೆ?" ಎಂದಳು. ಆದರೂ ಎಣ್ಣೆಗೆ ಬಂದ ಹುಡುಗರನ್ನು, "ಬಂತೇನ್ರೋ ಕರೆಂಟು?" ಎಂದು ಕೇಳುವುದನ್ನು ಮಾತ್ರ ಬಿಡಲಿಲ್ಲ. ಅವರು ಇಲ್ಲ ಅಜ್ಜಿ ಎನ್ನುವರು. ಅವಳು ಸೀಸೆ ತುಂಬಿಸಿ ಕೊಡುವಳು.

ಮುಂದಿನ ವರ್ಷ ಆ ಪಾಠದ ಕಾಲಕ್ಕೆ ಅವ್ವ ಜ್ವರ ಬಂದು ಮಲಗಿದಳು. ಮೇಲೇಳಲು ಆಗುತ್ತಿರಲಿಲ್ಲ. ಬೆಳಿಗ್ಗೆ ನಾನೇ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಅವಳು ಮಲಗಿದ್ದಲ್ಲಿಂದಲೇ ಕೈ ಚಾಚಿ ಹಚ್ಚುತ್ತಿದ್ದಳು. ಒಂದು ಬೆಳಿಗ್ಗೆ ಹಾಗೆ ಹಚ್ಚಿ, ಕೈಯನ್ನು ಸೀರೆಗೆ ಒರೆಸಿಕೊಂಡಳು. ಮಧ್ಯಾಹ್ನ ಶಾಲೆಗೆ ಆಳು ಬಂದ. ನಾನು ಮನೆ ತಲುಪುವಷ್ಟರಲ್ಲಿ ಮುಗಿದಿತ್ತು.

ಮಾಡದಕೆರೆ ಊರಿನಲ್ಲಿದ್ದ ನನ್ನ ಅಣ್ಣ ಬಂದು ಕ್ರಿಯೆ ಮಾಡಿದ. ತಲೆ ಬೋಳಿಸಿಕೊಂಡವನು ಅವನೇ. ಕಿರಿಯವನಾದ ನನಗೆ ಕೂದಲು ಉಳಿಯಿತು. ತಿಥಿಗೆ ಇನ್ನೂ ಕೆಲವು ದಿನ ಇರುವಾಗಲೇ ನಾನು ಶಾಲೆಗೆ ಹೊರಟೆ. "ಸೂತಕದಾಗೆ ಇಸ್ಕೂಲಿಗೆ ಹೊಂಟ್ಯೇನಲೇ? ಸರ್ಕಾರ ಎಲ್ಲಿಗಾದ್ರೂ ಓಡೋಗ್ತೈತಾ?" ಎಂದು ಅಣ್ಣ ಬೈದ. ಪರೀಕ್ಷೆ ಹತ್ತಿರ ಬಂತು ಎಂದೆ. ಪರೀಕ್ಷೆ ಹತ್ತಿರ ಬಂದದ್ದು ನಿಜ. ಆದರೆ ಬೆಳಿಗ್ಗೆ ಸ್ನಾನವಾದ ಮೇಲೆ ಮಣೆ ಇರುವ ಆ ಮೂಲೆಯನ್ನು ದಾಟುವುದು ನನ್ನಿಂದ ಆಗುತ್ತಿರಲಿಲ್ಲ. ದಿನಚರಿ ಇಟ್ಟುಕೊಂಡವನ ಕಷ್ಟ ಇದು. ಒಬ್ಬರು ಹೋದರೂ ಅವರ ಹೊತ್ತು ದಿನವೂ ತಪ್ಪದೆ ಬರುತ್ತದೆ.

ಪ್ರಾರ್ಥನೆಯಾದ ಮೇಲೆ ತಪಾಸಣೆಗೆ ನಿಂತೆ. ಹಿಂದಿನ ವರ್ಷ ನಪಾಸಾಗಿ ಏಳರಲ್ಲೇ ಉಳಿದಿದ್ದ ಕೆಂಚಪ್ಪ, ತಿಪ್ಪೇಶರೂ ಸೇರಿ ಮಕ್ಕಳೆಲ್ಲ ನನ್ನ ತಲೆಯನ್ನು ನೋಡಿದರು. ನನ್ನ ನಿಯಮದ ಪ್ರಕಾರ ಮೊದಲು ನಾನೇ ಬೀರುವಿನ ಮುಂದೆ ಹೋಗಿ ನಿಲ್ಲಬೇಕಾಗಿತ್ತು. ಯಾರೂ ನಗಲಿಲ್ಲ. ಅಂದಿನ ಪಾಠ ಅದೇ. ಶಕ್ತಿ ಕಣ್ಣಿಗೆ ಕಾಣುವುದಿಲ್ಲ, ಅದು ಮಾಡುವ ಕೆಲಸ ಮಾತ್ರ ಕಾಣುತ್ತದೆ ಎಂಬ ಸಾಲನ್ನು ಓದಿದೆ. ಕಿಟಕಿಯಿಂದ ಒಣ ಗಾಳಿ ಬೀಸಿ ಕೂದಲು ಕಣ್ಣಿಗೆ ಬಿತ್ತು. ಎಣ್ಣೆಯ ಭಾರಕ್ಕೆ ಸದಾ ಮಲಗಿರುತ್ತಿದ್ದ ಕೂದಲು ಕಣ್ಣಿಗೆ ಬಿದ್ದದ್ದೇ ನನಗೆ ಹೊಸದು. ಪ್ರಯೋಗದ ನೆನಪು ನಿಜವಾಗಿಯೂ ಇರಲಿಲ್ಲ. ಕೆದರಿದ ತಲೆಯಲ್ಲಿ ಪಾಠ ಮಾಡಬಾರದೆಂದು ಜೇಬಿನಿಂದ ಬಾಚಣಿಗೆ ತೆಗೆದು ಬಾಚಿಕೊಂಡೆ. ಒಗ್ಗರಣೆಗೆ ಹಾಕಿದ ಸಾಸಿವೆಯ ಹಾಗೆ ಚಟಪಟ ಸದ್ದಾಯಿತು. ಬಾಚಣಿಗೆಯನ್ನು ಮೇಜಿನ ಮೇಲೆ ಇಡಲು ಹೋದರೆ, ಪಾಠಕ್ಕೆಂದು ಹರಿದಿಟ್ಟಿದ್ದ ಕಾಗದದ ಚೂರುಗಳು ಜೀವ ಬಂದಂತೆ ಎದ್ದು ಹಾರಿ ಅದಕ್ಕೆ ಅಂಟಿಕೊಂಡವು.

"ಬಂತು! ಸಾ, ಕರೆಂಟ್ ಬಂತು!" ಕೆಂಚಪ್ಪ ಬೆಂಚಿನ ಮೇಲೆ ಹತ್ತಿ ನಿಂತಿದ್ದ. ಇಡೀ ತರಗತಿ ಮೇಜಿನ ಸುತ್ತ ಮುತ್ತಿತು. "ಇನ್ನೊಂದ್ಸಲ ಸಾ! ಇನ್ನೊಂದ್ಸಲ!" ಗಲಾಟೆ ನಿಲ್ಲಿಸಿ ಎನ್ನಬೇಕಾದವನು ನಾನು. ಮತ್ತೆ ಬಾಚಿದೆ. ಮತ್ತೆ ಎದ್ದವು. ಮತ್ತೆ ಬಾಚಿದೆ. ಸದ್ದು ಕೇಳಿ ಬಂದ ಹೆಡ್ ಮಾಸ್ತರರು ಬಾಗಿಲಲ್ಲಿ ಇಣುಕಿ, ತಾಯಿ ಸತ್ತ ಮನುಷ್ಯ ತರಗತಿಯ ನಡುವೆ ನಿಂತು ಒಂದೇ ಸಮನೆ ತಲೆ ಬಾಚಿಕೊಳ್ಳುತ್ತಿರುವುದನ್ನು ಕಂಡು, ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಎಳೆದುಕೊಂಡು ಹೋದರು.

ಗದ್ದಲ ಇಳಿದ ಮೇಲೆ ತಿಪ್ಪೇಶ, ಈ ಸಲ ಕೈಯೆತ್ತಿ, ಅನುಮತಿ ಸಿಕ್ಕಿದ ಮೇಲೆಯೇ ಹೇಳಿದ: "ಅಜ್ಜಿಗೆ ತೋರಿಸ್ಬೇಕಿತ್ತು ಸಾ."

ಅಜ್ಜಿ ಇದ್ದಿದ್ದರೆ ಅದು ಬರುತ್ತಲೇ ಇರಲಿಲ್ಲ ಎಂಬುದನ್ನು ಏಳನೇ ತರಗತಿಗೆ ಹೇಗೆ ವಿವರಿಸುವುದೆಂದು ತಿಳಿಯಲಿಲ್ಲ. ಕುಳಿತುಕೋ ಎಂದೆ. ಬಾಚಣಿಗೆಯಿಂದ ಚೂರುಗಳನ್ನು ಬಿಡಿಸಿ, ಜೇಬಿಗೆ ಹಾಕಿಕೊಂಡು, ಮುಂದಿನ ಪ್ರಶ್ನೆ ಬರೆಸಿದೆ.

ತಿಥಿಯ ದಿನ ಗೌರಮ್ಮ ಅವ್ವ ಬಸಿದಿಟ್ಟಿದ್ದ ಎಣ್ಣೆಯಲ್ಲಿ ಉಳಿದದ್ದನ್ನು ಬೆಚ್ಚಗೆ ಮಾಡಿ ತಂದು, "ಕುಂತ್ಕಳ್ರಿ" ಎಂದಳು. ಮಣೆಯ ಮೇಲೆ ಕುಳಿತೆ. ಅವಳ ಕೈ ಹಗುರ. ಕಾಲರಿಗೆ ಒಂದು ಹನಿಯೂ ಇಳಿಯಲಿಲ್ಲ. ಅಚ್ಚುಕಟ್ಟಾದ ಕೆಲಸ. ನಾನು ಜೀವಮಾನವೆಲ್ಲ ಬಯಸಿದ್ದು ಅಂಥದನ್ನೇ.

ಮರುವರ್ಷದ ಪಾಠಕ್ಕೆ ಎಣ್ಣೆ ತಲೆಯಲ್ಲೇ ಹೋದೆ. ಬಾಚಿದೆ, ಚೂರುಗಳು ಮಲಗಿದಲ್ಲೇ ಮಲಗಿದ್ದವು. ಪುಸ್ತಕದಲ್ಲಿ ಇರುವಂತೆ ಬರೆಯಿರಿ ಎಂದೆ. ಆಮೇಲೆ ಕಂಬಗಳಿಗೆ ತಂತಿಯೂ ಬಂತು, ನನಗೆ ನಿವೃತ್ತಿಯೂ ಬಂತು. ಈಗ ನಮ್ಮ ನಡುಮನೆಯಲ್ಲಿ ಒಂದು ಬಲ್ಬು ಉರಿಯುತ್ತದೆ, ಅದಕ್ಕೆ ಮನಸ್ಸು ಬಂದಾಗ. ನನ್ನ ತಲೆಯ ಕೂದಲು ಪೂರ್ತಿ ಉದುರಿದೆ, ಆದರೂ ಬೆಳಗಿನ ಎಣ್ಣೆ ತಪ್ಪಿಸಿಲ್ಲ. ಸಂಜೆ ದೀಪ ಹಾಕಿದರೆ, "ಎರಡೆರಡು ಕಡೆ ಹೊಳೀತೈತೆ ನೋಡ್ರಿ" ಎಂದು ಗೌರಮ್ಮ ನನ್ನ ನೆತ್ತಿ ನೋಡಿ ನಗುತ್ತಾಳೆ. ನಾನೂ ನಗುತ್ತೇನೆ. ಹಾಗೆ ನಗುವಾಗ ಮಂಚದ ಮೂಲೆಯಿಂದ, ದೀಪ ಕಂಡೆ ಬಿಡು, ಕರೆಂಟ್ ಎಲ್ಲೈತೆ ಎಂದು ಯಾರೋ ಕೇಳಿದಂತಾಗುತ್ತದೆ. ಈಗ ತೋರಿಸುವುದು ನನಗೆ ಚೆನ್ನಾಗಿ ಗೊತ್ತು. ಬಾಚಣಿಗೆಯೂ ಜೇಬಿನಲ್ಲೇ ಇದೆ. ಅದನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ನೆಂಟರು ಕೇಳಿದರೆ, ಅಭ್ಯಾಸ ಎನ್ನುತ್ತೇನೆ.